ಟ್ರಕ್ಕಿನ ‘ಚಕ್ ಬಾಕ್ಸ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಕೂಡಿಸಿ, ಊರಾಚೆ ಬಿಡಾರ ಹೂಡಿದಾಗ ಅದರಿಂದಲೇ ಅಡುಗೆ ಮಾಡಿಕೊಳ್ಳುವ ಬಗೆಯನ್ನು ಅಮೆರಿಕದಲ್ಲಿರುವ ಕೆಲವು ಕನ್ನಡದ ಗೆಳೆಯರಿಗಾಗಿ ಬರೆಯುತ್ತಿದ್ದೇನೆ. ಅಳತೆ, ಮೊಳೆ, ತಿರುಪುಗಳ ಮಾತು ಸಲೀಸಾಗಿ ಸಾಗಿತು. ಪೆಟ್ಟಿಗೆಯ ಹೆಸರಿಗೆ ಬಂದಾಗ ಬರವಣಿಗೆ ನಿಂತಿತು. ಇಂಗ್ಲಿಷಿನಲ್ಲಿ ಅದು ‘ಚಕ್ ಬಾಕ್ಸ್’. ಈ ವಸ್ತುವಿಗೂ ಹೆಸರಿಗೂ ಟೆಕ್ಸಾಸಿನ ದನಗಾಹಿಗಳ ನಂಟಿದೆ. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬಾತ ಟೆಕ್ಸಾಸಿನಿಂದ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಕಡೆಗೆ ದನಗಳ ಹಿಂಡನ್ನು ಹೊಡೆದುಕೊಂಡು ಹೊರಟಾಗ, ಸೈನ್ಯಕ್ಕೆ ಬೇಡವಾದ ಬಂಡಿಯೊಂದನ್ನು ಕೊಂಡು, ಅದರ ಹಿಂತುದಿಗೆ ಗೂಡುಗಳೂ ಸೆಳೆಖಾನೆಗಳೂ ಇರುವ ಪೆಟ್ಟಿಗೆಯನ್ನು ಜೋಡಿಸಿದನು. ಕೆಳ ಅಂಚಿಗೆ ಕೀಲು ಹಾಕಿದ ಅದರ ಮುಚ್ಚಳವನ್ನು ಇಳಿಸಿ ಒಂದು ಕಾಲು ಕೊಟ್ಟರೆ ಅದೇ ಅಡುಗೆಯವನ ಮೇಜಾಗುತ್ತಿತ್ತು. ಬಂಡಿಯೇ ‘ಚಕ್ ವ್ಯಾಗನ್’ ಎನ್ನಿಸಿಕೊಂಡಿತು. ಇಂದಿನ ಟ್ರಕ್ಕಿನ ಪೆಟ್ಟಿಗೆಯೂ ಬಹುಮಟ್ಟಿಗೆ ಇದೇ ರಚನೆಯದು. ಮುಚ್ಚಳದ ಕೆಲಸವನ್ನು ಟ್ರಕ್ಕಿನ ಹಿಂಬದಿಯ ಬಾಗಿಲು ವಹಿಸಿಕೊಂಡಿದೆ, ಅಷ್ಟೆ.

ಇಲ್ಲಿ ‘ಚಕ್’ ಎಂದರೆ ಎಸೆಯುವುದಲ್ಲ, ಊಟ. ಚಾರ್ಲ್ಸ್ ಎಂಬ ಹೆಸರಿನ ಮೊಟಕು ರೂಪವೂ ‘ಚಕ್’ ಆಗಿರುವುದರಿಂದ ಬಂಡಿಗೆ ಗುಡ್‌ನೈಟನ ಹೆಸರೇ ಬಂತೆಂದು ಹೇಳುವವರಿದ್ದಾರೆ. ಆದರೆ ಊಟವೆಂಬ ಅರ್ಥದಲ್ಲಿ ಆ ಆಡುಮಾತು ಆತನ ಬಂಡಿಗಿಂತ ಹಳೆಯದು. ಆ ಕಥೆಯನ್ನು ನಂಬಬೇಕಾಗಿಲ್ಲ.

ಗೆಳೆಯರೊಬ್ಬರು ‘ಸಂಚಾರಿ ಅಡುಗೆಮನೆ’ ಎಂದು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಸಂಚಾರಿ ಗ್ರಂಥಾಲಯ, ಸಂಚಾರಿ ಆಸ್ಪತ್ರೆಗಳ ಸಾಲಿನಲ್ಲಿ ನಿಂತು ಅದು ಸರ್ಕಾರಿ ಯೋಜನೆಯಂತೆ ಕೇಳಿಸುತ್ತದೆ ಎಂಬುದು ಸಣ್ಣ ಆಕ್ಷೇಪ. ದೊಡ್ಡ ಆಕ್ಷೇಪ ‘ಮನೆ’ಯ ಬಗ್ಗೆ. ಅಡುಗೆಮನೆ, ಬಚ್ಚಲುಮನೆ, ದೇವರಮನೆ ಎನ್ನುವಾಗ ಮನೆಯೆಂದರೆ ಒಳಹೊಕ್ಕು ಕೆಲಸ ಮಾಡುವ ಕೋಣೆ. ಟ್ರಕ್ಕಿನ ಅಡುಗೆಯಲ್ಲಿ ಒಳಗೆ ಹೋಗುವವರು ಯಾರೂ ಇಲ್ಲ. ಅಡುಗೆ ಮಾಡುವವರು ನೆಲದ ಮೇಲೆ ನಿಂತು, ಹಿಂಬದಿಯ ಬಾಗಿಲನ್ನು ಇಳಿಸಿ, ಸೆಳೆಖಾನೆಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಒಳಗೆ ಹೋಗಲೂ ಬಾರದು. ಮೇಲೆ ಮುಚ್ಚಿಗೆಯಿರುವ ಟ್ರಕ್ಕಿನೊಳಗೆ ಗ್ಯಾಸ್ ಒಲೆ ಹಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೆ ಎರವಾಗಬಹುದು. ಹೆಸರಿನಲ್ಲಿ ‘ಮನೆ’ ಇದ್ದರೆ, ಮಳೆ ಬಂದಾಗ ಒಲೆಯನ್ನು ಒಳಗೆ ಸರಿಸಿಕೊಳ್ಳಬಹುದೆಂದು ಓದುಗರು ಎಣಿಸಿಯಾರೆಂಬುದು ನನ್ನ ಅಳುಕು.

‘ಬುತ್ತಿಪೆಟ್ಟಿಗೆ’ ಎಂಬುದು ಕಿವಿಗೆ ಇಂಪಾಗಿದೆ. ‘ಚಕ್’ನಲ್ಲಿರುವ ಊಟದ ಅರ್ಥವನ್ನೂ ಅದು ಉಳಿಸಿಕೊಳ್ಳುತ್ತದೆ. ಆದರೆ ಬುತ್ತಿ ಮನೆಯಲ್ಲಿಯೇ ಬೇಯಿಸಿ ಕಟ್ಟಿಕೊಂಡದ್ದು: ರೊಟ್ಟಿ, ಚಟ್ನಿಪುಡಿ, ಮೊಸರನ್ನ. ಈ ಪೆಟ್ಟಿಗೆಯಲ್ಲಿರುವುದು ಅಕ್ಕಿ, ಬೇಳೆ, ಎಣ್ಣೆ, ಪಾತ್ರೆ, ಸೌಟು. ಅಂದರೆ ಇದು ಬುತ್ತಿಗಿಂತ ಉಗ್ರಾಣಕ್ಕೆ ಹತ್ತಿರ. ಬಾಣಸಿಗನ ನೆನಪಿನಲ್ಲಿ ‘ಬಾಣಸಪೆಟ್ಟಿಗೆ’ ಎನ್ನಬಹುದೇ ಎಂದೂ ಯೋಚಿಸಿದೆ. ಸಂಸ್ಕೃತದ ‘ಮಹಾನಸ’ದಿಂದ ಬಂದ ‘ಬಾಣಸ’ ಸೊಗಸಾದ ಹಳಗನ್ನಡದ ಮಾತು ನಿಜ, ಆದರೆ ಎರಡು ಉರಿಯ ಒಲೆಯ ಮೇಲೆ ಉಪ್ಪಿಟ್ಟು ಕೆದಕುವವನಿಗೆ ಅದು ವಿರಾಟನ ಅರಮನೆಯ ಭೀಮನ ಭಾರವನ್ನು ಹೊರಿಸಿದಂತಾಗುತ್ತದೆ.

ಹೀಗಾಗಿ ಸದ್ಯಕ್ಕೆ ಪೆಟ್ಟಿಗೆಗೆ ‘ಅಡುಗೆಪೆಟ್ಟಿಗೆ’, ಗುಡ್‌ನೈಟನ ವಾಹನಕ್ಕೆ ‘ಅಡುಗೆಬಂಡಿ’ ಎಂದು ಬರೆದಿದ್ದೇನೆ. ‘ಅಡು’ ಎಂಬ ಧಾತು ದಿನದ ಮಾತಿನಲ್ಲಿ ಕ್ರಿಯಾಪದವಾಗಿ ಅಪರೂಪವಾಗಿದ್ದರೂ “ಅಟ್ಟ ಮೇಲೆ ಒಲೆ ಉರಿಯಿತು” ಎಂಬ ಗಾದೆಯಲ್ಲಿ ಇನ್ನೂ ಉರಿಯುತ್ತಿದೆ. ಅಡುಗೆಯೆಂದರೆ ಕೆಲಸವೂ ಹೌದು, ಸಿದ್ಧವಾದ ಪದಾರ್ಥವೂ ಹೌದು. ‘ಅಡುಗೆಪೆಟ್ಟಿಗೆ’ ಎಂದಾಗ ಬೇಯಿಸಿದ್ದನ್ನು ತುಂಬಿಟ್ಟ ಡಬ್ಬವೆಂಬ ಅರ್ಥ ಮೊದಲು ಹೊಳೆಯುವುದೇ ಎಂಬ ಸಂದೇಹ ಮಾತ್ರ ಉಳಿದಿದೆ.

ಇನ್ನು ಬಿಡಿ ಪದಗಳು. ‘ಡ್ರಾಯರ್’ಗೆ ಸೆಳೆಖಾನೆ ಎಂದಿದ್ದೇನೆ; ಇಂದಿನ ಬಡಗಿಗಳ ಬಾಯಲ್ಲಿ ಅದು ಉಳಿದಿದೆಯೇ? 20 ಲೀಟರಿನ ಕ್ಯಾನಿನ ನೀರೇ 20 ಕೆ.ಜಿ. ತೂಗುವುದರಿಂದ ಅದನ್ನು ಪೆಟ್ಟಿಗೆಯ ಮೇಲಲ್ಲ, ಚಾಲಕನ ಕೋಣೆಗೆ ಒತ್ತಿಕೊಂಡು ಕೆಳಗಿಡಬೇಕೆಂದು ಬರೆಯುವಾಗ, ಟ್ರಕ್ಕಿನ ಸಾಮಾನು ತುಂಬುವ ಭಾಗಕ್ಕೆ ‘ಬಾಡಿ’ ಎಂಬ ಲಾರಿಯವರ ಮಾತನ್ನೇ ಇಟ್ಟುಕೊಂಡಿದ್ದೇನೆ. ಅದನ್ನು ಕನ್ನಡಿಸುವ ಅಗತ್ಯ ಕಾಣಲಿಲ್ಲ. ದನಗಾಹಿಗಳ ಅಡುಗೆಯವನು ಮರುದಿನದ ದಿಕ್ಕು ತಿಳಿಯಲೆಂದು ರಾತ್ರಿ ಬಂಡಿಯ ಮುಂದಿನ ಮರವನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದನಂತೆ. ಆ ಮರಕ್ಕೆ ‘ಮೂಕಿ’ ಎಂಬ ಒಳ್ಳೆಯ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ತೊಡಕಾದದ್ದು ಉರುವಲು. ಬಂಡಿಯ ಅಡಿಯಲ್ಲಿ ತೊಗಲಿನ ಜೋಲಿ ಕಟ್ಟಿ, ಕಟ್ಟಿಗೆ ಸಿಗದ ಬಯಲಿನಲ್ಲಿ ಒಣಗಿಬಿದ್ದ ಸಗಣಿಯನ್ನು ಆಯ್ದು ಅದರಲ್ಲಿ ತುಂಬಿಕೊಳ್ಳುತ್ತಿದ್ದರು. ಬೆರಣಿ ಎಂದರೆ ಕೈಯಿಂದ ತಟ್ಟಿದ್ದು, ಇದು ತಟ್ಟದೆ ಬಿದ್ದಲ್ಲೇ ಒಣಗಿದ್ದು. ಇವೆರಡನ್ನು ಬೇರೆ ಮಾಡಿ ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿರಿ.

ಕೊನೆಯದಾಗಿ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೋಗುವವರು ಹಿಟ್ಟು, ಬೇಳೆ, ಬೆಲ್ಲ, ಪಾತ್ರೆಗಳನ್ನು ಹೇರಿಕೊಂಡು ಹೋಗಿ, ಗಾಡಿಯ ಮಗ್ಗುಲಲ್ಲೇ ಕಲ್ಲು ಹೂಡಿ ಅಡುಗೆ ಮಾಡಿ ನೈವೇದ್ಯ ಕೊಡುತ್ತಾರೆ. ಆ ಸಾಮಾನಿನ ಗಂಟಿಗೋ ಪೆಟ್ಟಿಗೆಗೋ ಅವರಲ್ಲಿ ಒಂದು ಹೆಸರಿದ್ದರೆ, ನಾನು ಕಟ್ಟಿದ ‘ಅಡುಗೆಪೆಟ್ಟಿಗೆ’ಯನ್ನು ಸಂತೋಷದಿಂದ ಕೈಬಿಡುತ್ತೇನೆ. ಬೆಳಗಾವಿ, ಧಾರವಾಡ, ಬಾಗಲಕೋಟೆ ಕಡೆಯ ಸದಸ್ಯರು ಮನೆಯ ಹಿರಿಯರನ್ನು ಕೇಳಿ ತಿಳಿಸುವಿರಾ?