ಬಾದಾಮಿ, ಐಹೊಳೆ, ಇಳಕಲ್ ಒಂದೇ ದಿನದಲ್ಲಿ: ಹೋಗಿ ಬಂದವರು ಹೇಳಿ

ಹುಬ್ಬಳ್ಳಿ ಹುಡುಗಿ: ಅಮ್ಮನಿಗೆ 68, ಮಂಡಿ ನೋವಿದೆ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಬೇಕು. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಇಳಕಲ್ ಸೀರೆ ಮಗ್ಗ ಎರಡನ್ನೂ ಅಮ್ಮನಿಗೆ ತೋರಿಸಿ ರಾತ್ರಿ ವಾಪಸ್ ಬರಬೇಕು. ಆಗುತ್ತಾ?

ಧಾರವಾಡದ ಅಪ್ಪ: ಆಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಹೋದ ಡಿಸೆಂಬರ್‌ನಲ್ಲಿ ಬೆಳಿಗ್ಗೆ 5ಕ್ಕೆ ಹೊರಟೆವು. ಬಾಡಿಗೆ ಕಾರು, ಕಿಲೋಮೀಟರಿಗೆ 14 ರೂಪಾಯಿ. 390 ಕಿಲೋಮೀಟರ್ ಓಡಿತು, 5,460. ಡ್ರೈವರ್ ಬಾಟಾ 500. ಪಾರ್ಕಿಂಗ್ ಮೂರು ಕಡೆ 150. ಊಟ ಐದು ಜನಕ್ಕೆ 840. ಬಾದಾಮಿಯಲ್ಲೇ ಹನ್ನೊಂದೂವರೆ ಆಯಿತು. ಮೂರನೇ ಗುಹೆ ಬಿಟ್ಟು ಬರಲು ಮಕ್ಕಳು ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಚಾಲುಕ್ಯರ ಮಂಗಳೇಶ ಕೊರೆಸಿದ್ದು, 578ರ ಶಾಸನ ಇದೆ. ಪಟ್ಟದಕಲ್ಲು ಓಡಿಕೊಂಡೇ ನೋಡಿದ್ದು. ಐಹೊಳೆಯಲ್ಲಿ ದುರ್ಗ ಗುಡಿ ಒಂದೇ. ಮೇಗುಟಿ ಗುಡ್ಡ ಕೆಳಗಿಂದ ಕೈ ತೋರಿಸಿದ್ದಷ್ಟೇ, ಅಲ್ಲಿರುವ ಕವಿ ರವಿಕೀರ್ತಿಯ 634ರ ಶಾಸನ ನೋಡಬೇಕು ಅಂತ ಹತ್ತು ವರ್ಷದಿಂದ ಆಸೆ ಇತ್ತು. ಇಳಕಲ್ ಮುಟ್ಟಿದಾಗ ಸಂಜೆ 6.45. ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಅಂಗಡಿಯಲ್ಲಿ ಎರಡು ಸೀರೆ ತಗೊಂಡೆ, 4,200ಕ್ಕೆ ಒಂದು, 2,600ಕ್ಕೆ ಒಂದು. ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ.

ಇಳಕಲ್ ಮಗ್ಗದ ಮನೆ: ಕತ್ತಲಾದ ಮೇಲೆ ಬಂದು ಮಗ್ಗ ನಿಂತಿದೆ ಅಂತ ಬೇಜಾರು ಮಾಡಿಕೊಂಡರೆ ಹೇಗೆ? ನಮ್ಮಪ್ಪ ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಮಾತ್ರ ಏಳುವುದು. ಕೊಂಡಿ ಸೀರೆಗೆ ಹಾಸು, ಅಂದರೆ ಉದ್ದದ ಎಳೆ, ಒಂದು ಸೀರೆಗಷ್ಟೇ ಹಾಕುತ್ತಾರೆ. ಒಡಲಿನ ಹತ್ತಿ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಅವ್ವ ಅದನ್ನು ಮಾಡುವಾಗ ಯಾರೂ ಮಾತಾಡಿಸುವ ಹಾಗಿಲ್ಲ. ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಶುರು. ಅರ್ಧ ಗಂಟೆ ಫೋಟೊ ತೆಗೆದು, ಕೊನೆಗೆ "ಎರಡು ಸಾವಿರಕ್ಕೆ ಕೊಡ್ತೀರಾ" ಅಂತ ಕೇಳುವವರು ನಮ್ಮ ಮನೆಗೆ ಬರುವುದೇ ಬೇಡ.

ಧಾರವಾಡದ ಅಪ್ಪ: ನಾನು ಚೌಕಾಸಿ ಮಾಡಿದೆ ಅಂತ ಎಲ್ಲಿ ಬರೆದೆ? ಕೇಳಿದಷ್ಟು ಕೊಟ್ಟು ಬಂದಿದ್ದೇನೆ.

ಬಾಗಲಕೋಟೆ ಬೈಕು: ಕಾರಿನವರು ಇಳಕಲ್ ಆಸೆ ಬಿಡಬೇಕು. ನಾನು ಬಿಟ್ಟೆ, ಒಳ್ಳೆಯದೇ ಆಯಿತು. ಬಾದಾಮಿ, ಪಟ್ಟದಕಲ್ಲು ಮುಗಿಸಿ ಗುಳೇದಗುಡ್ಡಕ್ಕೆ ಹೋದೆ. ದಾರಿಯಲ್ಲಿ ಹಿಂದಿನ ಟೈರು ಪಂಕ್ಚರ್. ಟ್ಯೂಬೇ ಹರಿದಿತ್ತು. ಹೊಸ ಟ್ಯೂಬು 450, ಕೂಲಿ 100, ಒಂದೂವರೆ ತಾಸು ಬಿಸಿಲಲ್ಲಿ. ಆದರೂ ಓಣಿಯೊಳಗೆ ಹೋದ ಕೂಡಲೇ ಖಟ್ ಖಟ್ ಸದ್ದು ಕೇಳಿತು. ಒಬ್ಬ ಅಜ್ಜ ನೇಯುತ್ತಿದ್ದ ಖಣ ನಿಲ್ಲಿಸಿ, ಅಂಚು ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ಆರು ಖಣ ತಂದೆ. ಇಡೀ ದಿನ ಇದ್ದರೂ ಸಾಲಲ್ಲ ಆ ಊರಿಗೆ. ಐದು ಊರು ಒಂದೇ ದಿನಕ್ಕೆ ತುರುಕುವುದು ಊರಿಗೂ ಅವಮಾನ.

ಧಾರವಾಡದ ಅಪ್ಪ: ಮಕ್ಕಳು ಮರಿ ಕಟ್ಟಿಕೊಂಡು ಬೈಕಲ್ಲಿ ಹೋಗೋಕಾಗುತ್ತಾ? ನನಗೆ ಸಿಗುವುದು ವರ್ಷಕ್ಕೆ ಒಂದು ರಜೆ ದಿನ. ಅವಮಾನ ಅನ್ನುವ ಮಾತು ವಾಪಸ್ ತಗೊಳ್ಳಿ.

ಗದಗಿನ ಸೊಸೆ: ನಮ್ಮ ಅತ್ತೆಗೂ ಮಂಡಿ ನೋವು. ಬಾದಾಮಿ ಮೆಟ್ಟಿಲು ಮೊದಲ ಗುಹೆವರೆಗೆ ಹತ್ತಿದರು, ನಟರಾಜನ ಹದಿನೆಂಟು ಕೈ ಎಣಿಸಿದರು, ಅಲ್ಲೇ ಕೂತರು. ಕೋತಿ ಬಂದು ಕೈಚೀಲ ಎಳೆದುಕೊಂಡು ಹೋಯಿತು. ಅದರಲ್ಲಿ ಬಿಪಿ ಮಾತ್ರೆ, ಕನ್ನಡಕ. ಕನ್ನಡಕ ಸಿಕ್ಕಿತು, ಒಂದು ಗಾಜು ಒಡೆದಿತ್ತು. ಹೊಸದಕ್ಕೆ 1,850. ಪಟ್ಟದಕಲ್ಲು ಮಾತ್ರ ಸಮತಟ್ಟು, ಹುಲ್ಲಿನ ಮೇಲೆ ಆರಾಮಾಗಿ ನಡೆದರು. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದು ಬಂದ ನೆನಪಿಗೆ ಅಂತ ಕೇಳಿ ಅತ್ತೆ ಒಂದು ಕಂಬ ಹಿಡಿದು ಸುಮ್ನೆ ನಿಂತುಬಿಟ್ಟರು. ಬರುವಾಗ ಅಮೀನಗಡದಲ್ಲಿ ಕರದಂಟು ತಗೊಳ್ಳಿ, ಅದರ ಮುಂದೆ ಬೇರೆ ಯಾವುದೂ ಇಲ್ಲ.

ಗೋಕಾಕದವ: ಬೇರೆ ಯಾವುದೂ ಇಲ್ಲವಾ? ಗೋಕಾಕ ಕರದಂಟು ತಿಂದು ಮಾತಾಡಿ.

ಗದಗಿನ ಸೊಸೆ: ತಿಂದೇ ಹೇಳುತ್ತಿದ್ದೇನೆ. ಬಾಣಂತಿಗೆ ನಮ್ಮ ಮನೆಯಲ್ಲಿ ಕೊಡುವುದು ಅಮೀನಗಡದ್ದೇ. ಅಂಟು ಹುರಿದ ಹದ ಗೊತ್ತಾಗುತ್ತೆ.

ಗೋಕಾಕದವ: ಬೆಲ್ಲ ಜಾಸ್ತಿ ಹಾಕಿದರೆ ಹದ ಅಲ್ಲ ರೀ.

ಬಾಗಲಕೋಟೆ ಬೈಕು: ಕರದಂಟು ಜಗಳ ಬೇರೆ ಕಡೆ ಮಾಡಿ. ಅವಮಾನ ಅಂದದ್ದು ತಪ್ಪು, ಧಾರವಾಡದವರೇ. ಆದರೆ 4,200 ಕೊಟ್ಟಿದ್ದು ಕೈಮಗ್ಗದ್ದಾ, ಪವರ್‌ಲೂಮಾ, ನೋಡಿದ್ರಾ?

ಧಾರವಾಡದ ಅಪ್ಪ: ಅಂಗಡಿಯವರು ಕೈಮಗ್ಗ ಅಂದರು.

ಇಳಕಲ್ ಮಗ್ಗದ ಮನೆ: ಒಡಲು ಮುಗಿದು ಸೆರಗು ಶುರುವಾಗುವ ಕಡೆ ತಿರುಗಿಸಿ ನೋಡಿ. ಕೊಂಡಿ ಹಾಕಿದ್ದರೆ ಅಡ್ಡಕ್ಕೆ ಒಂದು ಗೆರೆ ಬೆರಳಿಗೆ ಸಿಗುತ್ತೆ. ಹುಬ್ಬಳ್ಳಿಯವರೇ, ನೀವು ಬೆಳಿಗ್ಗೆ ನೇರ ನಮ್ಮೂರಿಗೆ ಬನ್ನಿ, ಆಮೇಲೆ ಐಹೊಳೆ, ಪಟ್ಟದಕಲ್ಲು. ಬಾದಾಮಿ ಇನ್ನೊಂದು ಸಲ. ಅಮ್ಮನಿಗೆ ಕೂರಲು ಕುರ್ಚಿ ಹಾಕುತ್ತೇವೆ.

ಧಾರವಾಡದ ಅಪ್ಪ: ಈಗಷ್ಟೇ ಬೀರುವಿನಿಂದ ತೆಗೆದು ನೋಡಿದೆ. 2,600ರದ್ದರಲ್ಲಿ ಗೆರೆ ಸಿಕ್ಕಿತು. 4,200ರದ್ದರಲ್ಲಿ ಇಲ್ಲ. ಅದನ್ನೇ ಹೆಂಡತಿ ತಂಗಿ ಮದುವೆಗೆ ಉಟ್ಟಿದ್ದಳು.