ಬೀಗ ಕೊಟ್ಟರೂ ಯಾರೂ ಹಾಕುತ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಲೋಹದ ಹಾಳೆ ಒತ್ತಿ ಕತ್ತರಿಸುವ 40 ಪವರ್ ಪ್ರೆಸ್ ಇರುವ ಕಡೆ ಸೇಫ್ಟಿ ಆಫೀಸರ್ ಆಗಿ ಸೇರಿ ಮೂರು ತಿಂಗಳಾಯಿತು. ರಿಪೇರಿಗೆ ಮುಂಚೆ ಮೇನ್ ಆಫ್ ಮಾಡಿ ಬೀಗ ಹಾಕಬೇಕು ಅಂತ ಲಾಕ್‌ಔಟ್ ತಂದಿದ್ದೇವೆ. ಟ್ರೈನಿಂಗ್ ಆಯ್ತು, ಬೋರ್ಡ್ ಹಾಕಿದ್ದಾಯ್ತು. ಬೀಗ ಮಾತ್ರ ಪೆಟ್ಟಿಗೆಯಲ್ಲೇ ಇವೆ. ನಿಮ್ಮಲ್ಲಿ ಹೇಗೆ ಶುರುವಾಯಿತು?

ಪೀಣ್ಯ ಮೆಂಟೇನೆನ್ಸ್: ನಮ್ಮಲ್ಲಿ 60 ಬೀಗ ತಂದೆವು, ಒಂದಕ್ಕೆ 420 ರೂಪಾಯಿ. ಬಿಲ್ ಪಾಸ್ ಮಾಡಿಸಲು ನಾನೇ ನಾಲ್ಕು ಸಲ ಅಕೌಂಟ್ಸ್‌ಗೆ ಅಲೆದೆ. ಕೀ ಎಲ್ಲ ಸೂಪರ್‌ವೈಸರ್ ಡ್ರಾಯರ್‌ನಲ್ಲಿ. ರಾತ್ರಿ ಶಿಫ್ಟ್‌ಗೆ ಆ ಡ್ರಾಯರ್‌ಗೇ ಬೀಗ. ಒಂದು ರಾತ್ರಿ ನನ್ನ ಜೊತೆಯ ಡೈ ಸೆಟ್ಟರ್ (ಪ್ರೆಸ್‌ಗೆ ಅಚ್ಚು ಕೂರಿಸುವವನು) ಕೈ ಒಳಗಿದ್ದಾಗ ಆಚೆ ಕಡೆಯಿಂದ ಯಾರೋ ಮೋಟರ್ ಹಾಕಿದರು. ಕ್ಲಚ್ ಹಿಡಿದುಕೊಂಡೇ ಇತ್ತು, ಮೇಲಿಂದ ಒತ್ತುವ ರ‍್ಯಾಮ್ ಇಳಿಯಿತು. ಎರಡು ಬೆರಳು ಹೋದವು. ವಿಚಾರಣೆಯಲ್ಲಿ ಕೇಳಿದ್ದು ‘ಕೈ ಯಾಕೆ ಹಾಕಿದೆ?’ ಅಂತ. ಕೀ ಎಲ್ಲಿತ್ತು ಅಂತ ಕೇಳಲೇ ಇಲ್ಲ. ಮೆಮೊ ಅವನಿಗೇ ಬಂತು. ಆಮೇಲೆ, ಸ್ವಲ್ಪದರಲ್ಲಿ ತಪ್ಪಿದ ಅಪಘಾತ ಬರೆಯುವ ನಿಯರ್ ಮಿಸ್ ಪುಸ್ತಕದಲ್ಲಿ ಒಬ್ಬನೂ ಒಂದು ಸಾಲು ಬರೆದಿಲ್ಲ.

ಬೊಮ್ಮಸಂದ್ರ ಪ್ರೊಡಕ್ಷನ್: ಎಲ್ಲ ಮ್ಯಾನೇಜ್‌ಮೆಂಟ್ ಹಾಗಿರುವುದಿಲ್ಲ ಸರ್. ನಾನು 12 ಪ್ರೆಸ್‌ಗೆ ಲೈಟ್ ಕರ್ಟನ್ ಹಾಕಿಸಿದೆ, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ. ಒಂದಕ್ಕೆ 78,000, ಕೂರಿಸಲು ಬೇರೆ 9,000. ಎರಡೇ ವಾರಕ್ಕೆ ಆಪರೇಟರ್‌ಗಳು ಅದು ಕೆಲಸ ಮಾಡದಂತೆ ಬೈಪಾಸ್ ಮಾಡಿದ್ದರು. ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಕರ್ಟನ್ ಇದ್ದರೆ ಗಂಟೆಗೆ 40 ಪೀಸ್ ಕಮ್ಮಿ ಬೀಳುತ್ತಿತ್ತು, ಅವರ ಕೈಗೆ ತಿಂಗಳಿಗೆ 1,800 ಕಮ್ಮಿ. ಪೀಸ್ ಇನ್ಸೆಂಟಿವ್ ತೆಗೆಸಿ ಸಂಬಳಕ್ಕೆ ಸೇರಿಸಿದೆ. ಓನರ್ ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೈಪಾಸ್ ನಿಂತಿತು.

ಪೀಣ್ಯ ಮೆಂಟೇನೆನ್ಸ್: ನಿಮ್ಮವು ಪಿನ್ ಕ್ಲಚ್ಚಾ, ನ್ಯೂಮ್ಯಾಟಿಕ್ಕಾ? ಪಿನ್ ಕ್ಲಚ್‌ಗೆ ಕರ್ಟನ್ ಸುಮ್ನೆ ದಂಡ. ಒಮ್ಮೆ ಪೆಡಲ್ ತುಳಿದರೆ ರ‍್ಯಾಮ್ ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು.

ಬೊಮ್ಮಸಂದ್ರ ಪ್ರೊಡಕ್ಷನ್: ಹನ್ನೆರಡೂ ನ್ಯೂಮ್ಯಾಟಿಕ್, ಗಾಳಿ ಒತ್ತಡದ ಕ್ಲಚ್, ನಡುವೆಯೇ ನಿಲ್ಲಿಸಬಹುದು. ಪಿನ್ ಕ್ಲಚ್ ಇರುವ ಬೇರೆ ಎಂಟಕ್ಕೆ ಕೈ ಒಳಗೆ ಹೋಗದಂತೆ ಫಿಕ್ಸೆಡ್ ಗಾರ್ಡ್ ಇದೆ. ಅಷ್ಟೂ ತಿಳಿಯದೆ ಪ್ರೆಸ್ ಶಾಪ್ ನಡೆಸುತ್ತೇನಾ?

ಜಿಗಣಿ ಫಾರ್ಮಾ: ಇಬ್ಬರೂ ಮೆಷಿನ್ನಿಗೇ ಅಂಟಿಕೊಂಡಿದ್ದೀರಿ. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ರಿಪೇರಿಗೆ ಮುಂಚೆ ಬರಹದಲ್ಲಿ ಅನುಮತಿ ಪಡೆಯುವ ಪರ್ಮಿಟ್ ಪದ್ಧತಿ ಇತ್ತು. ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದು ರಾತ್ರಿ ಶಿಫ್ಟ್‌ನವರಿಗೆ ತಲುಪಲಿಲ್ಲ. ಅದೇ ಪಂಪ್ ಶುರು ಮಾಡಿದರು, ಸೋರಿಕೆಯಾಗಿ ಸ್ಫೋಟವಾಯಿತು. 167 ಜನ ಸತ್ತರು. ನಾನು ಹೀಗೇ ಒಂದು ಶಿಫ್ಟ್ ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಹ್ಯಾಂಡೋವರ್ ಸರಿಯಿಲ್ಲ ಅಂತ ರಿಯಾಕ್ಟರ್ ನಿಲ್ಲಿಸಿದೆ. 14 ಗಂಟೆಯ ಬ್ಯಾಚ್ ಹಾಳಾಯಿತು, ಆ ವರ್ಷ ನನಗೆ ಪ್ರಮೋಷನ್ ಸಿಗಲಿಲ್ಲ. ಆಮೇಲೆ ಬಂದ ಪ್ಲಾಂಟ್ ಹೆಡ್ ಬೆಳಿಗ್ಗೆ ಆರಕ್ಕೆ ಹ್ಯಾಂಡೋವರ್‌ನಲ್ಲಿ ನಿಂತು ‘ನಿನ್ನೆ ಯಾರು ಕೆಲಸ ನಿಲ್ಲಿಸಿದಿರಿ, ಏನು ಕಂಡಿತು?’ ಅಂತ ದಿನಾ ಕೇಳುತ್ತಿದ್ದರು. ಎರಡು ತಿಂಗಳಲ್ಲಿ ಹುಡುಗರು ತಾವಾಗಿಯೇ ಹೇಳತೊಡಗಿದರು.

ಕಾಂಟ್ರಾಕ್ಟ್ ಫಿಟ್ಟರ್, ಹೊಸೂರು ರಸ್ತೆ: ನಿಲ್ಲಿಸಿದ್ದಕ್ಕೆ ನಿಮಗೆ ಪ್ರಮೋಷನ್ ಹೋಯಿತು ಮೇಡಂ. ನಾನು ನಿಲ್ಲಿಸಿದ ಮಾರನೇ ದಿನ ಗೇಟ್ ಪಾಸ್ ಇರಲಿಲ್ಲ.

ಬೊಮ್ಮಸಂದ್ರ ಪ್ರೊಡಕ್ಷನ್: ನಮ್ಮಲ್ಲಿ ಕಾಂಟ್ರಾಕ್ಟ್‌ನವರಿಗೂ ಬೀಗ ಕೊಟ್ಟಿದ್ದೇವೆ.

ಕಾಂಟ್ರಾಕ್ಟ್ ಫಿಟ್ಟರ್: ಕೀ ಯಾರ ಹತ್ತಿರ ಇದೆ ಸರ್? ಅದನ್ನು ಹೇಳಿ.