ಮಲೆನಾಡಿನ ಮಳೆಗಾಲ, ಕೊಟ್ಟಿಗೆ ಕುರಿ: ಡಾಕ್ಟ್ರಿಗೆ ಪ್ರಶ್ನೆ

ಕೊಪ್ಪ: ಡಾಕ್ಟ್ರೇ, ಮಳೆ ಹಿಡಿದ ಮೇಲೆ ಕುರಿಗಳೆಲ್ಲ ಕುಂಟ್ತಿವೆ. ಗೊರಸಿನ ಸಂದಿಯಲ್ಲಿ ಕೊಳೆತ ವಾಸನೆ.

ಡಾಕ್ಟ್ರು: ಗೊರಸು ಕೊಳೆ. ಸಡಿಲ ಆಗಿರೋದಷ್ಟೇ ಕತ್ತರಿಸಿ, ರಕ್ತ ಬರಿಸ್ಬೇಡಿ. 10 ಲೀಟರ್ ನೀರಿಗೆ 1 ಕೆ.ಜಿ. ಜಿಂಕ್ ಸಲ್ಫೇಟ್, ಗೊರಸು ಮುಳುಗುವಷ್ಟು ಹಾಕಿ 10 ನಿಮಿಷ ನಿಲ್ಲಿಸಿ. ಆಮೇಲೆ ಒಂದು ಗಂಟೆ ಒಣ ಜಾಗ. ಮತ್ತೆ ಕೊಟ್ಟಿಗೆಗೆ ಹಾಸಿದ ಹಸಿ ಸೊಪ್ಪಿನ ಮೇಲೇ ಬಿಟ್ರೆ ಮಾಡಿದ್ದೆಲ್ಲ ನೀರುಪಾಲು.

ತೀರ್ಥಹಳ್ಳಿ: ಸೊಪ್ಪು ಯಾಕೆ, ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಅಟ್ಟ ಮಾಡಿ.

ಸಾಗರ: ದಬ್ಬೆ ಮಳೇಲಿ ಜಾರತ್ತೆ. ಗಬ್ಬದ ಕುರಿ ಕಾಲು ಮುರ್ಕೊಳತ್ತೆ.

ತೀರ್ಥಹಳ್ಳಿ: ಬೆನ್ನಿನ ಕಡೆ ಮೇಲೆ ಮಾಡಿ ಬಡಿದ್ರೆ ಜಾರದೆ ಇನ್ನೇನು? ತಿರುಳಿನ ಕಡೆ ಮೇಲೆ ಬರ್ಲಿ.

ಸಾಗರ: ತಿರುಳು ಎರಡೇ ಮಳೆಗಾಲಕ್ಕೆ ಕುಂಬಾಗತ್ತೆ ಮಾರಾಯ್ರೆ.

ಶೃಂಗೇರಿ: ಬನ್ನೂರು ತಳಿ ಮರಿ ಎಲ್ಲಿ ಸಿಗತ್ತೆ?

ಹೊಸನಗರ: 14 ಕುರಿ, ಕಟ್ಟಿ ಮೇಯಿಸೋದು. ಎರಡು ದಿನದಲ್ಲಿ ಎರಡು ಸತ್ವು. ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ ಥರ.

ಡಾಕ್ಟ್ರು: ಮೇವು ಯಾವ್ದು? ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಯಾವಾಗ ಹೊಡೆದ್ರಿ?

ಹೊಸನಗರ: ತೋಟದ ಹುಲ್ಲೇ. ಜೂನ್ ಮೊದಲ ವಾರ ಒಂದ್ಸಲ, ಜುಲೈ ಕೊನೇಲಿ ಒಂದ್ಸಲ. ಜೊತೆಗೆ ಹಸುವಿನ ಮಿನರಲ್ ಮಿಕ್ಸ್ಚರ್.

ಡಾಕ್ಟ್ರು: ತಾಮ್ರದ ವಿಷ ಅಂತ ನನ್ನ ಬಲವಾದ ಅನುಮಾನ. ಆ ಔಷಧಿ, ಬೋರ್ಡೋ, ಅಂದ್ರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, ತಾಮ್ರದ ಉಪ್ಪು. ಗೊನೆಗೆ ಹೊಡೆದದ್ದು ತೊಟ್ಟಿಕ್ಕೋದು ಬುಡದ ಹುಲ್ಲಿಗೇ. ಸುಣ್ಣ ಬೆರೆಸಿದ ಮಾತ್ರಕ್ಕೆ ತಾಮ್ರ ಮಾಯ ಆಗಲ್ಲ. ಮಳೆ ತೊಳೆದದ್ದೂ ಕೆಸರಿನ ಜೊತೆ ಮತ್ತೆ ಹುಲ್ಲಿಗೆ ಸಿಡಿಯತ್ತೆ. ಹಸುವಿನ ಮಿಕ್ಸ್ಚರಲ್ಲೂ ತಾಮ್ರ ಇರತ್ತೆ, ಹಸು ತಡ್ಕೊಳತ್ತೆ. ಕುರಿ ತಾಮ್ರಾನ ಪಿತ್ತದಲ್ಲಿ ಸರಿಯಾಗಿ ಹೊರಹಾಕಲ್ಲ, ವಾರಗಟ್ಟಲೆ ಯಕೃತ್ತಲ್ಲೇ ತುಂಬ್ಕೊಂಡು ಒಂದು ದಿನ ಒಮ್ಮೆಗೇ ರಕ್ತಕ್ಕೆ ಬಿಡತ್ತೆ. ಕೆಂಪು ರಕ್ತಕಣ ಒಡೆದು ಮೂತ್ರ ಆ ಬಣ್ಣಕ್ಕೆ ಬರೋದು ಹಾಗೆ. ಈಗಲೇ ತೋಟದ ಹುಲ್ಲು, ಆ ಮಿಕ್ಸ್ಚರ್ ಎರಡೂ ಬಂದ್. ಬ್ಯಾಣದ (ತೋಟದಾಚೆಯ ಹುಲ್ಲುಗಾವಲಿನ) ಹುಲ್ಲು, ಒಣಹುಲ್ಲು ಹಾಕಿ. ಓಡಿಸೋದು, ಗಾಡಿ ಹತ್ತಿಸೋದು ಬೇಡ, ಗಾಬರಿ ಬಿದ್ರೆ ಉಳಿದವೂ ಕವುಚ್ತವೆ. ಊರಿನ ಪಶುವೈದ್ಯರನ್ನ ಕರೆಸಿ ಸತ್ತದ್ದನ್ನ ಕೊಯ್ಸಿ: ಮೂತ್ರಪಿಂಡ ನೀಲಿಗಪ್ಪು ಇದ್ರೆ ಯಕೃತ್ತಿನ ಜೊತೆ ಲ್ಯಾಬಿಗೆ ಕಳಿಸಲಿ. ಉಳಿದವಕ್ಕೆ ದಿನಕ್ಕೆ ತಲಾ 100 ಮಿ.ಗ್ರಾಂ. ಅಮೋನಿಯಂ ಮಾಲಿಬ್ಡೇಟ್, 1 ಗ್ರಾಂ ಸೋಡಿಯಂ ಸಲ್ಫೇಟ್, ಮೂರು ವಾರ. ಅವರು ತೂಕ ನೋಡಿ ಹೇಳಿದ್ಮೇಲೆ.

ಸಿರ್ಸಿ: ಗ್ರೂಪಲ್ಲಿ ಬಂದಿದ್ದು: ಜಂತಿಗೆ ಮೈಲುತುತ್ತದ ನೀರು ಕುಡಿಸಿ, ಖರ್ಚಿಲ್ಲ 🙏

ಡಾಕ್ಟ್ರು: ಮೇಲಿನದು ಓದಿದ್ರಾ? ಅಳಿಸಿ ಅದನ್ನ.

ಸಿರ್ಸಿ: ಅಜ್ಜನ ಕಾಲದಲ್ಲಿ ಅದೇ ಕೊಡ್ತಿದ್ದದ್ದು.

ಡಾಕ್ಟ್ರು: ಕೊಡ್ತಿದ್ರು, ಬೇರೆ ಔಷಧಿ ಇರ್ಲಿಲ್ಲ. ಫಾರ್ವರ್ಡಲ್ಲಿ ಅಳತೆ ಎಲ್ಲಿದೆ?

ಕೊಪ್ಪ: ಜಂತಿಗೆ ಮತ್ತೇನು?

ಡಾಕ್ಟ್ರು: ಅಲ್ಬೆಂಡಜೋಲ್, ಕೆ.ಜಿ.ಗೆ 7.5 ಮಿ.ಗ್ರಾಂ. ಗಬ್ಬದ ಮೊದಲ ತಿಂಗಳಲ್ಲಿ ಬೇಡ. ಹುಲ್ಲು ಬಿಸಿಲೇರಿದ ಮೇಲೆ, ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ.

ಮೂಡಿಗೆರೆ: ಜಂತಿನ ಔಷಧಿ ಯಾವ್ದು ಡಾಕ್ಟ್ರೇ?

ಡಾಕ್ಟ್ರು: ಮೇಲೆ ಇದೆ.

ಸಾಗರ: ಇರಚಲಿಗೆ ಸುತ್ತ ಟಾರ್ಪಾಲು ಕಟ್ಟಿದೀವಿ, ಕೆಮ್ಮು ಜಾಸ್ತಿನೇ ಆಯ್ತು.

ತೀರ್ಥಹಳ್ಳಿ: ದಬ್ಬೆ ಅಟ್ಟ ಇದ್ದಿದ್ರೆ ಗಂಜಲ ಕೆಳಗೆ ಇಳೀತಿತ್ತು.

ಸಾಗರ: ನಿಮ್ಮನ್ನ ಕೇಳಿದ್ನಾ?

ಡಾಕ್ಟ್ರು: ಇಬ್ರೂ ಸಾಕು. ಕುರಿ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರೆಳೀರಿ. ಕಣ್ಣು ಉರಿದ್ರೆ ಗಂಜಲದ ಅಮೋನಿಯಾ. ಟಾರ್ಪಾಲು ಮೂರಡಿಗೇ ನಿಲ್ಲಿಸಿ, ಮೇಲೆ ಗಾಳಿ ಆಡ್ಲಿ, ಸೂರು ಮುಂದೆ ಚಾಚಿಸಿ.

ಶೃಂಗೇರಿ: ಬನ್ನೂರು ಮರಿ??

ಹೊಸನಗರ: ಮೂರನೇದು ಮೇವು ಬಿಟ್ಟಿದೆ. ಮೂತ್ರ ಇನ್ನೂ ಸರಿಯಾಗೇ ಇದೆ.

ಡಾಕ್ಟ್ರು: ಕಣ್ಣಿನ ಕೆಳರೆಪ್ಪೆ ಮಗುಚಿ ಫೋಟೊ ಹಾಕಿ. ಹಗಲು ಬೆಳಕಲ್ಲಿ, ಬಲ್ಬಿನ ಕೆಳಗೆ ಎಲ್ಲಾನೂ ಹಳದೀನೇ ಕಾಣತ್ತೆ.